ಬೇಲಿಯಾಚೆ ಬಂದ ನಾಲ್ಕು ಚಕ್ರ

ಭಾನುವಾರ ಬಂತೆಂದರೆ ಗಗನಚುಕ್ಕಿ ಜಲಪಾತದ ದಾರಿಯಲ್ಲಿ ಕಾರೋ ಕಾರು. ಬೆಂಗಳೂರಿಂದ ಹೊರಟು ಕನಕಪುರ, ಮಳವಳ್ಳಿ ದಾಟಿ, ಕೊಳ್ಳೇಗಾಲದ ಹೆದ್ದಾರಿಯಿಂದ ನಮ್ಮ ಕಡೆ ತಿರುಗಿಕೊಳ್ಳುತ್ತವೆ. ಕಾವೇರಿ ಮೈದುಂಬಿದ ಆಷಾಢ ಶ್ರಾವಣದಲ್ಲಂತೂ ನಿಲ್ಲಿಸಲು ಜಾಗ ಸಿಗುವುದಿಲ್ಲ. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದ ನನ್ನ ಕಣ್ಣು ಮೊದಲು ಹೋಗುವುದು ಅವುಗಳ ಚಕ್ರದ ಕಡೆಗೆ. ಕಂಪನಿಯ ಚಕ್ರ ಬಿಚ್ಚಿಸಿ ಹೊಳೆಯುವ ಅಲಾಯ್ ಹಾಕಿಸಿದ ಕಾರುಗಳು ಈಗ ಎಷ್ಟೊಂದು! ಕೆಲವಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿರುತ್ತವೆ. ಕೆಲವಂತೂ ಮಡ್‌ಗಾರ್ಡಿನಿಂದ ಎರಡು ಬೆರಳು ಆಚೆಗೆ ಚಾಚಿಕೊಂಡಿರುತ್ತವೆ. ಹಂಪ್ಸ್ ಇಳಿಯುವಾಗ ಟೈರು ಮಡ್‌ಗಾರ್ಡಿಗೆ ಉಜ್ಜಿ ಗರ್ರ್ ಎನ್ನುವುದು ಪಕ್ಕದ ಟೀ ಅಂಗಡಿಗೂ ಕೇಳುತ್ತದೆ. ಆ ಸದ್ದು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದುಡ್ಡು ಕೊಟ್ಟು ಒಳ್ಳೆಯ ಕಾರನ್ನು ಕೆಡಿಸಿಕೊಳ್ಳುವುದೆಂದರೆ ಇದೇ.

ಮೊನ್ನೆ ಅಂಥ ನಾಲ್ಕು ಚಕ್ರ ನಮ್ಮ ದಾಸವಾಳದ ಬೇಲಿಯಾಚೆಗೇ ಬಂದವು. ಪಕ್ಕದ ಮನೆಯ ಫಿಟ್ಟರಣ್ಣನ ಮೊಮ್ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಒಂದು ಸೆಕೆಂಡ್‌ಹ್ಯಾಂಡ್ ಸ್ವಿಫ್ಟ್ ಕೊಂಡಿದ್ದ. ಈಗ ಜೆ.ಸಿ. ರಸ್ತೆಯಿಂದ 15 ಇಂಚಿನ ಅಲಾಯ್ ಸೆಟ್ಟನ್ನು ತುಂಬಿಕೊಂಡು ಊರಿಗೆ ಬಂದಿದ್ದ. ಅದನ್ನು ಹಾಕಿಸಿ ಸೋಮವಾರ ಮನೆಮಂದಿಯನ್ನೆಲ್ಲ ಮಾದಪ್ಪನ ಬೆಟ್ಟಕ್ಕೆ ಕರೆದೊಯ್ಯಬೇಕೆಂದು ಅವನ ಆಸೆ.

“ಮೇಷ್ಟ್ರೆ, ಒಸಿ ಬನ್ನಿ ಇಲ್ಲಿ,” ಎಂದು ಕೂಗಿದರು ಫಿಟ್ಟರಣ್ಣ. “ನಮ್ ಹೈದ ನಾಕು ಗಾಲಿ ತಂದು ಮಡಗವ್ನೆ. ಒಂದೊಂದ್ರಲ್ಲೂ ಎಂಟೆಂಟು ತೂತು. ಕಾರಲ್ಲಿರೋದು ನಾಕೇ ಸ್ಟಡ್ಡು. ಇದ್ಯಾವ ಲೆಕ್ಕ ಅಂತೀನಿ?”

ಫಿಟ್ಟರಣ್ಣ ಜಲಪಾತದ ಪಕ್ಕದ ಬ್ಲಫ್‌ನ ಪವರ್ ಹೌಸಿನಲ್ಲಿ ದುಡಿದವರು. 1902ರ ಜೂನ್ 30ರಂದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ ಜಾಗ ಅದು. ಬೆಂಗಳೂರು ಪೇಟೆಗೆ ದೀಪ ಬಂದದ್ದೂ ಅದಾದ ಮೇಲೆ, 1905ರಲ್ಲಿ. ಹಠ ಹಿಡಿದು ಆ ಕೆಲಸ ಶುರು ಮಾಡಿಸಿದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ಯಂತ್ರ ತಿರುಗಿದ್ದನ್ನು ನೋಡಲಿಲ್ಲ. ಆ ಮಾತು ಬಂದಾಗಲೆಲ್ಲ ಫಿಟ್ಟರಣ್ಣ ಒಂದು ಗಳಿಗೆ ಸುಮ್ಮನಾಗುತ್ತಾರೆ. ಶಾಫ್ಟಿಗೆ ಶಾಫ್ಟು ಜೋಡಿಸಿ, ಡಯಲ್ ಗೇಜಿಟ್ಟು ಕೂದಲೆಳೆಯಷ್ಟು ಓಲಾಟವನ್ನೂ ಹಿಡಿದ ಕೈ ಅವರದು.

ಎಂಟು ತೂತಿನ ಲೆಕ್ಕ ಸುಲಭ. ನಾಲ್ಕು ಸ್ಟಡ್ಡುಗಳ ನಡುವನ್ನು ಸುತ್ತಿ ಒಂದು ವೃತ್ತ ಬರೆದರೆ ಅದರ ಅಡ್ಡಳತೆಗೆ ಪಿಸಿಡಿ ಅನ್ನುತ್ತಾರೆ. ಸ್ವಿಫ್ಟಿನದು 100 ಮಿ.ಮೀ. ಫೋರ್ಡ್ ಫಿಗೊ, ಇಕೋಸ್ಪೋರ್ಟ್‌ನದು 108. ಒಂದೇ ಚಕ್ರವನ್ನು ಇಬ್ಬರಿಗೂ ಮಾರಲಿಕ್ಕೆ ಆಗಲಿ ಎಂದು ಎರಡೂ ಅಳತೆಗೆ ತೂತು ಕೊರೆದಿರುತ್ತಾರೆ, ಅಷ್ಟೇ. ಅದರಲ್ಲಿ ತಪ್ಪಿಲ್ಲ. ತಪ್ಪಾಗುವುದು ಇನ್ನೊಂದು ಕಡೆ. ಫಿಯೆಟ್ ಪಾಲಿಯೋ, ಪುಂಟೊ ಕಾರುಗಳ ಪಿಸಿಡಿ 98, ಅವಕ್ಕೆ ಸ್ಟಡ್ಡಲ್ಲ, ಬೋಲ್ಟು. 100ರ ಚಕ್ರವನ್ನು ಅದಕ್ಕೆ ಹಿಡಿದು ನೋಡಿ, ಒಳಕ್ಕೆ ಹೋಗೇಬಿಡುತ್ತದೆ. ಬೋಲ್ಟು ಒಂದಕ್ಕೆ ಬರೀ 1 ಮಿ.ಮೀ. ವ್ಯತ್ಯಾಸ, ಕಣ್ಣಿಗೆ ಕಾಣದು. ಬೋಲ್ಟು ಬಿಗಿಯುತ್ತಾ ಹೋದರೆ ಅದರ ತಲೆ ಓರೆಯಾಗಿ ಕೂತು ಬೋಲ್ಟು ಒಂದು ಮಗ್ಗುಲಿಗೆ ಬಾಗುತ್ತದೆ. ಹಾಗೆ ದಿನವೂ ಬಾಗಿ ಬಾಗಿ ಒಂದು ದಿನ ಬೋಲ್ಟು ತುಂಡಾಗುತ್ತದೆ. ಸೇರುವುದೇ ಇಲ್ಲ ಎನ್ನುವ ಚಕ್ರದಿಂದ ಯಾರಿಗೂ ಕೇಡಿಲ್ಲ. ಸೇರಿದ ಹಾಗೆ ಕಾಣುವ ಚಕ್ರವೇ ಅಪಾಯ.

ಆದರೆ ಫಿಟ್ಟರಣ್ಣನ ಕಣ್ಣು ಬಿದ್ದದ್ದು ಎಂಟು ತೂತಿನ ಮೇಲಲ್ಲ, ನಡುವಿನ ದೊಡ್ಡ ತೂತಿನ ಮೇಲೆ. ಹಳೆಯ ಕಬ್ಬಿಣದ ಚಕ್ರ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಹಬ್‌ನ ನಡುವೆ ಉಬ್ಬಿ ನಿಂತ ಬಳೆಯಂಥ ಅಂಚಿಗೆ ವರ್ನಿಯರ್ ಹಿಡಿದರು. 54 ಚಿಲ್ಲರೆ. ಹೊಸ ಚಕ್ರದ ತೂತಿಗೆ ಹಿಡಿದರು. 73.

“ಅಲ್ಲ ಮೇಷ್ಟ್ರೆ, ಇದು ಯಾತರ ಮೇಲೆ ಕೂತ್ಕತ್ತದೆ? ನಮ್ಮಲ್ಲಿ ಕಪ್ಲಿಂಗ್ ಕೂರಿಸ್ಬೇಕಾದ್ರೆ ಸ್ಪಿಗಟ್ಟು, ಅದೇ ಈ ಥರದ ಉಬ್ಬು, ಮೊದ್ಲು ಗೂಡಿಗೆ ಕೂರಬೇಕು. ಬೋಲ್ಟು ಬಿಗಿಯಕ್ಕೆ, ಗೂಡು ನಡುವಿಗೆ ತರಕ್ಕೆ. ಬೋಲ್ಟಿನ ಮೇಲೇ ನಡು ಹಿಡೀತೀನಿ ಅಂದ್ರೆ ಶಾಫ್ಟು ಕುಣೀತದೆ.”

ಕಾರಿನ ಚಕ್ರದ ವಿದ್ಯೆಯ ಅರ್ಧಭಾಗ ಆ ಒಂದು ಮಾತಿನಲ್ಲಿ ಬಂದುಹೋಯಿತು. ಕಂಪನಿಯವರು ಕೊಟ್ಟ ಚಕ್ರದ ನಡುತೂತು ಹಬ್‌ನ ಉಬ್ಬಿಗೆ ಸರಿಯಾಗಿ ಬಿಗಿದುಕೊಳ್ಳುತ್ತದೆ. ಸುಜುಕಿಯ ಈ ಸಣ್ಣ ಕಾರುಗಳಲ್ಲಿ ಅದು 54.1 ಮಿ.ಮೀ., ಹೋಂಡಾ ಸಿಟಿಯಲ್ಲಿ 56.1, ಇನ್ನೋವಾದಲ್ಲಿ 60.1. ಹೊರಗೆ ಮಾರುವ ಚಕ್ರ ಎಲ್ಲ ಕಾರಿಗೂ ಆಗಬೇಕಲ್ಲ, ಅದಕ್ಕೆ ನಡುತೂತನ್ನು 73.1ರಷ್ಟು ದೊಡ್ಡದಾಗಿ ಬಿಟ್ಟಿರುತ್ತಾರೆ. ಉಳಿದ ಸಂದನ್ನು ತುಂಬಲು ಒಂದು ರಿಂಗು ಬರುತ್ತದೆ, ಹೊರಸುತ್ತು 73.1, ಒಳಸುತ್ತು ನಮ್ಮ ಹಬ್ಬಿನ ಅಳತೆ. ಅಂಗಡಿಯವರು ಕೆಲವೊಮ್ಮೆ ಕೊಡುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ರಿಂಗಿಲ್ಲದೆ ಹಾಕಿಸಿದ ಕಾರು 80 ದಾಟಿದ ಮೇಲೆ ಸ್ಟೇರಿಂಗ್ ನಡುಗಿಸುತ್ತದೆ. ಆಗ ಮಾಲೀಕ ಬ್ಯಾಲೆನ್ಸಿಂಗ್ ಮಾಡಿಸುತ್ತಾನೆ, ಆಮೇಲೆ ಅಲೈನ್‌ಮೆಂಟ್, ಆಮೇಲೆ ಹೊಸ ಟೈರು. ಅಷ್ಟರಲ್ಲಿ ಆ ನಡುಕ ಸ್ಟೇರಿಂಗಿನ ಬಾಲ್ ಜಾಯಿಂಟುಗಳನ್ನು, ಬುಷ್ಷುಗಳನ್ನು ತಿಂದಿರುತ್ತದೆ. ಕೆಲವೇ ನೂರು ರೂಪಾಯಿ ಬೆಲೆಯ ನಾಲ್ಕು ರಿಂಗು ಇಲ್ಲದ್ದಕ್ಕೆ ಆಗುವ ಕೇಡು ಅದು!

“ರಿಂಗು ಕೊಟ್ಟಿದ್ರು ಸಾರ್,” ಎಂದು ಹುಡುಗ ಡಬ್ಬಿಯ ತಳದಿಂದ ಪೊಟ್ಟಣ ತೆಗೆದ. ಕೊಟ್ಟಿದ್ದರು, ನಿಜ. ಒಳಸುತ್ತು 56.1. ಯಾವುದೋ ಹೋಂಡಾಕ್ಕೆ ಹೋಗಬೇಕಾದದ್ದು. 2 ಮಿ.ಮೀ. ಸಡಿಲ. ಹುಡುಗ ಅಲ್ಲೇ ಫೋನು ಮಾಡಿದ. ಅಂಗಡಿಯವರು ಬದಲಿಸಿ ಬಸ್ಸಿಗೆ ಹಾಕುತ್ತೇವೆಂದು ಒಪ್ಪಿದರು. “ಪ್ಲಾಸ್ಟಿಕ್ ಬೇಡ, ಅಲ್ಯೂಮಿನಿಯಂ ಇದ್ರೆ ಕಳಿಸಿ ಅಂತ ಹೇಳಪ್ಪ,” ಎಂದೆ. ಬೆಟ್ಟ ಇಳಿಯುವಾಗ ಬ್ರೇಕು ಕಾದು ಹಬ್ ಬಿಸಿಯಾಗುತ್ತದೆ. ಅಗ್ಗದ ಪ್ಲಾಸ್ಟಿಕ್ಕನ್ನು ಅಲ್ಲಿ ನಾನು ನಂಬಲಾರೆ.

ಹೀಗೆ ಮಾತು ಬೆಳೆಯುತ್ತಿದ್ದಾಗ ಫಿಟ್ಟರಣ್ಣನಿಗೆ ಅವರಪ್ಪನ ಎತ್ತಿನಗಾಡಿ ನೆನಪಾಯಿತು. ಮರದ ಚಕ್ರ, ನಡುವೆ ಗುಂಬ, ಗುಂಬದೊಳಗೆ ಅಚ್ಚು, ಅಚ್ಚಿನ ತುದಿಗೆ ಕಡಾಣಿ. ವರ್ಷಕ್ಕೊಮ್ಮೆ ಕಬ್ಬಿಣದ ಪಟ್ಟಿ ಸಡಿಲವಾದರೆ ಕಮ್ಮಾರ ಅದನ್ನು ಚಕ್ರದ ಸುತ್ತಳತೆಗಿಂತ ಚೂರು ಕಮ್ಮಿ ಮಾಡಿ ಬೆಸೆದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ ನೀರು ಸುರಿಯುತ್ತಿದ್ದ. ಆರಿದ ಪಟ್ಟಿ ಕುಗ್ಗಿ ಮರವನ್ನೆಲ್ಲ ಒಂದಾಗಿ ಹಿಡಿದುಕೊಳ್ಳುತ್ತಿತ್ತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿ ಮಂಡ್ಯ ಸೀಮೆಯ ತುಂಬ ಕಬ್ಬಿನ ಗಾಡಿಗಳಾದವು. ಕಾಲ ಕಳೆದಂತೆ ಅವಕ್ಕೆ ಗಾಳಿ ಟೈರು ಬಂತು. ಆಗ ನಮ್ಮ ರೈತರು ಮಾಡಿದ್ದೇನು? ಹಳೆಯ ಅಚ್ಚಿಗೆ ಹೊಸ ಟೈರು ಸಿಕ್ಕಿಸಲಿಲ್ಲ. ಅಚ್ಚು, ಬೇರಿಂಗು, ಡಿಸ್ಕು, ಟೈರು ಎಲ್ಲವನ್ನೂ ಒಂದೇ ಸೆಟ್ಟಾಗಿ ತಂದು ಗಾಡಿಯ ಕೆಳಗೆ ಕೂರಿಸಿದರು. ಭಾರ ಹೊರುವುದು ಚಕ್ರ ಒಂದೇ ಅಲ್ಲವೆಂದು ಅವರಿಗೆ ಗೊತ್ತಿತ್ತು. ಕಾರಿನವರಿಗೆ ಆ ಸೌಕರ್ಯವಿಲ್ಲ. ಕಂಪನಿಯ ಹಬ್ಬು, ಬೇರಿಂಗು, ಬ್ರೇಕು ಇದ್ದ ಹಾಗೇ ಇರುತ್ತವೆ, ಚಕ್ರ ಮಾತ್ರ ಹೊಸದು. ಹಾಗಿರುವಾಗ ಚಕ್ರವೇ ಅವುಗಳ ಅಳತೆಗೆ ಒಗ್ಗಬೇಕು.

ಬೇರಿಂಗಿನ ವಿಷಯಕ್ಕೆ ಬಂದರೆ, ನೋಡಬೇಕಾದದ್ದು ಆಫ್‌ಸೆಟ್. ಚಕ್ರದ ಹಿಂಬದಿಯಲ್ಲಿ ಇಟಿ 45, ಇಟಿ 35 ಎಂದು ಅಚ್ಚೊತ್ತಿರುತ್ತದೆ. ರಿಮ್ಮಿನ ಅಗಲದ ನಡುಗೆರೆಗೂ ಹಬ್‌ಗೆ ಒರಗುವ ಮುಖಕ್ಕೂ ಎಷ್ಟು ಮಿ.ಮೀ. ಅಂತರ ಎಂಬ ಲೆಕ್ಕ. ಆ ಅಂಕಿ ಕಡಿಮೆಯಾದಷ್ಟೂ ಚಕ್ರ ಆಚೆಗೆ ಬರುತ್ತದೆ. ಸೊಂಟದ ಮೇಲಿದ್ದ ಬಿಂದಿಗೆಯನ್ನು ಕೈ ಚಾಚಿ ಹಿಡಿದರೆ ತೋಳಿಗೆ ಏನಾಗುತ್ತದೋ ಬೇರಿಂಗಿಗೂ ಅದೇ ಆಗುತ್ತದೆ. ನೀರು ಅಷ್ಟೇ, ತೂಕ ಮಾತ್ರ ತಡೆಯಲಾಗದು. ಚಕ್ರ ಹೊರಗೆ ಬಂದರೆ ಕಾರಿಗೆ ಗತ್ತು ಬರುತ್ತದೆಂದು ಚಕ್ರದ ಹಿಂದೆ ಸ್ಪೇಸರ್ ಬಿಲ್ಲೆ ತುರುಕುವವರೂ ಇದ್ದಾರೆ. ಅದರಿಂದ ಸ್ಟಡ್ಡಿಗೆ ಸಿಗುವ ಹಿಡಿತವೂ ಕಡಿಮೆಯಾಗುತ್ತದೆ, ಬೇರಿಂಗೂ ಸೋಲುತ್ತದೆ. ನನ್ನ ಹುಡುಗರಿಗೆ ಎಂದೂ ಹಾಕಗೊಡಲಿಲ್ಲ.

ಅಗಲದ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಈ ಸ್ವಿಫ್ಟಿನ ಹಳೆಯ ಕಬ್ಬಿಣದ ರಿಮ್ಮು 5 ಇಂಚು ಅಗಲ. ಹುಡುಗ ತಂದದ್ದು 6.5. ಆಫ್‌ಸೆಟ್ ಒಂದೇ ಇದ್ದರೆ ಹೆಚ್ಚಾದ ಒಂದೂವರೆ ಇಂಚು, ಅಂದರೆ 38 ಮಿ.ಮೀ., ಒಳಕ್ಕೆ 19, ಹೊರಕ್ಕೆ 19 ಹಂಚಿಕೊಳ್ಳುತ್ತದೆ. ಆಫ್‌ಸೆಟ್ 10 ಕಮ್ಮಿಯಾದರೆ ಒಳಕ್ಕೆ 9, ಹೊರಕ್ಕೆ 29. ಒಳಗಡೆ ಏನೇನಿದೆ? ಷಾಕ್ ಅಬ್ಸಾರ್ಬರ್ ಇದೆ, ಬ್ರೇಕ್ ಎಣ್ಣೆಯ ರಬ್ಬರ್ ಹೋಸಿದೆ, ಎಬಿಎಸ್ ಸೆನ್ಸರಿನ ತಂತಿಯಿದೆ. ಟೈರಿನ ಮಗ್ಗುಲು ಬ್ರೇಕ್ ಹೋಸಿಗೆ ದಿನಾ ಸವರುತ್ತಿದ್ದರೆ ಅದು ಸವೆದು ಒಡೆಯುವುದು ಮನೆ ಮುಂದೆ ನಿಂತಾಗಲ್ಲ, ಬ್ರೇಕ್ ಜೋರಾಗಿ ಒತ್ತಿದಾಗ. ಮುಂದಿನ ಚಕ್ರದ ಕ್ಯಾಲಿಪರಿಗೂ ಅಲಾಯಿನ ಕಡ್ಡಿಗೂ ನಡುವೆ ಸಂದು ಬೇಕು. ಆ ಸಂದು ನೋಡಲು ನಾನು ಕಲಿಸುತ್ತಿದ್ದದ್ದು ಜೇಡಿಮಣ್ಣಿನ ಉಪಾಯ. ಕ್ಯಾಲಿಪರ್ ಮೇಲೆ ನಾಲ್ಕೈದು ಕಡೆ ಹಸಿ ಜೇಡಿಮಣ್ಣಿನ ಗೋಲಿ ಅಂಟಿಸಿ, ಚಕ್ರ ಹಾಕಿ ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿದರೆ ಮಣ್ಣು ಎಷ್ಟು ದಪ್ಪಕ್ಕೆ ಒತ್ತಿಕೊಂಡಿದೆ ಎಂದು ಕಾಣುತ್ತದೆ. 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಆ ಚಕ್ರ ಬೇಡ. ಬ್ಯಾಲೆನ್ಸಿಂಗಿಗೆ ಒಳಗೆ ಅಂಟಿಸುವ ಸೀಸದ ತುಂಡಿಗೂ ಜಾಗ ಬೇಕಲ್ಲ.

ಮುಂದೆ ನಟ್ಟು. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಮಾರುತಿಯ ಸ್ಟಡ್ಡು 12 ಮಿ.ಮೀ. ದಪ್ಪ, ಮರೆಯ, ಅಂದರೆ ಥ್ರೆಡ್ಡಿನ, ಅಂತರ 1.25. ಹ್ಯುಂಡೈ, ಹೋಂಡಾ, ಟೊಯೊಟಾದ ಹೆಚ್ಚಿನ ಕಾರುಗಳಲ್ಲಿ ದಪ್ಪ ಅದೇ, ಅಂತರ 1.5. ಒಂದರ ನಟ್ಟು ಇನ್ನೊಂದಕ್ಕೆ ಎರಡು ಮೂರು ಸುತ್ತು ಹೋಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ತುಕ್ಕೆಂದು ತಿಳಿದು ಏರ್ ಗನ್ ಹಿಡಿದರೆ ಸ್ಟಡ್ಡಿನ ಮರೆ ಪುಡಿಪುಡಿ. ಅದಕ್ಕೇ ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಬೇಕು ಎನ್ನುವುದು. ಅಲಾಯ್ ದಪ್ಪವಿರುತ್ತದೆ, ಕಬ್ಬಿಣದ ತಗಡಿನ ಹಾಗಲ್ಲ. ಹಾಗಾಗಿ ಸ್ಟಡ್ಡು ಗಿಡ್ಡವಾಗುವ ಸಂಭವವಿದೆ. ನಟ್ಟು ಒರಗುವಷ್ಟರಲ್ಲಿ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ. 1.25ರ ಮರೆಗೆ ಹತ್ತು ಸುತ್ತಾದರೂ, 1.5ರ ಮರೆಗೆ ಎಂಟು ಸುತ್ತಾದರೂ ಹಿಡಿದಿರಬೇಕು.

ನಟ್ಟಿನ ಮೂತಿಯೂ ಮುಖ್ಯ. ಹೋಂಡಾ ಕಂಪನಿಯ ನಟ್ಟು ಗುಂಡು ಮೂತಿಯದು, ಹೊರಗಿನ ಅಲಾಯ್‌ಗಳ ತೂತು ಸಾಮಾನ್ಯವಾಗಿ 60 ಡಿಗ್ರಿ ಚೂಪಿಗೆ ಮಾಡಿದ್ದು. ಟೊಯೊಟಾದ ಹಲವು ಅಲಾಯ್‌ಗಳಿಗೆ ಚಪ್ಪಟೆ ವಾಷರಿನ ನಟ್ಟು. ಒಂದರ ಗೂಡಿಗೆ ಇನ್ನೊಂದರ ಮೂತಿ ಪೂರ್ತಿ ಕೂರುವುದಿಲ್ಲ. ಕೂತಿದೆಯೋ ಇಲ್ಲವೋ ತಿಳಿಯಬೇಕೆ? ಒಮ್ಮೆ ಬಿಗಿದು ಬಿಚ್ಚಿ, ತೂತಿನೊಳಗೆ ಬೆಳಕು ಬಿಟ್ಟು ನೋಡಿ. ಇಳಿಜಾರಿನ ಮೇಲೆಲ್ಲ ಅಗಲವಾದ ಹೊಳಪಿನ ಪಟ್ಟೆ ಮೂಡಿದ್ದರೆ ಸರಿ. ಅಂಚಿನಲ್ಲಿ ದಾರದೆಳೆಯಂಥ ಒಂದು ಗೆರೆ ಮಾತ್ರ ಇದ್ದರೆ ನಟ್ಟು ಆ ಗೆರೆಯ ಮೇಲೆ ನಿಂತಿದೆ ಎಂದರ್ಥ. ಇಂದಲ್ಲ ನಾಳೆ ಸಡಿಲವಾಗುತ್ತದೆ. ಮೊಮ್ಮಗ ಟಾರ್ಚ್ ಹಿಡಿದ, ಫಿಟ್ಟರಣ್ಣ ಕನ್ನಡಕ ಏರಿಸಿ ಒಂದೊಂದೇ ತೂತು ನೋಡಿದರು. ಇವನದು ಸರಿಯಾಗಿಯೇ ಕೂತಿತ್ತು.

ಟೈರಿನ ಅಳತೆಯಲ್ಲಿ ಹುಡುಗ ಜಾಣತನ ತೋರಿಸಿದ್ದ. ಈ ಕಾರಿಗೆ ಬಂದದ್ದು 165/80 ಆರ್14, ಹೊರಗಿನ ಅಡ್ಡಳತೆ ಸುಮಾರು 620 ಮಿ.ಮೀ. ಇವನು ತಂದದ್ದು 185/65 ಆರ್15, ಸುಮಾರು 621. ಸ್ವಿಫ್ಟಿನ ಮೇಲ್ದರ್ಜೆಯ ಮಾದರಿಗೆ ಕಂಪನಿಯೇ ಕೊಡುವ ಅಳತೆ. ಇದರ ಬದಲು 205/65 ಹಾಕಿಸಿದ್ದರೆ 647 ಆಗಿ, ಮೀಟರು 100 ತೋರಿಸುವಾಗ ಕಾರು 104 ದಾಟಿರುತ್ತಿತ್ತು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ ಕಿತ್ತು ಬರುತ್ತಿತ್ತು. ಟೈರಿನ ಮೇಲಿನ ಭಾರದ ಅಂಕಿಯನ್ನೂ ನೋಡಬೇಕು. 85 ಎಂದರೆ ಟೈರೊಂದಕ್ಕೆ 515 ಕೆ.ಜಿ., 88 ಎಂದರೆ 560. ಹಳೆಯದಕ್ಕಿಂತ ಇಳಿಯಬಾರದು. ರಿಮ್ಮಿನ ಹಿಂದೆಯೂ ಎಷ್ಟು ಭಾರಕ್ಕೆಂದು ಬರೆದಿರುತ್ತದೆ. ಬರೆದಿಲ್ಲದ್ದನ್ನು ಕೊಳ್ಳಬೇಡಿ. ಜಪಾನಿನ ಜೆಡಬ್ಲ್ಯುಎಲ್ ಗುರುತೋ ನಮ್ಮ ಐಎಸ್‌ಐ ಗುರುತೋ ಇರಲಿ. ರಿಮ್ಮಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2020ರಲ್ಲೇ ಹೊರಡಿಸಿದೆ.

“ಹದಿನೈದೇ ಯಾಕೆ, ಹದಿನೇಳು ಹಾಕುಸ್ಬೌದಾಗಿತ್ತು ಅಂತಾನೆ ಅವನ ಗೆಣೆಕಾರ,” ಎಂದರು ಫಿಟ್ಟರಣ್ಣ. ನಮ್ಮ ಹಳ್ಳಿ ರಸ್ತೆಗಳನ್ನು ನೋಡಿದವರು ಹಾಗೆ ಹೇಳಲಾರರು. ಕಬ್ಬಿನ ಲಾರಿ, ಟ್ರ್ಯಾಕ್ಟರು ತಿರುಗಾಡಿ ಅಂಚು ಮುರಿದ ಡಾಂಬರು, ಬಣ್ಣ ಬಳಿಯದ ಹಂಪ್ಸ್, ಮಳೆನೀರು ತುಂಬಿ ಆಳ ಕಾಣದ ಗುಂಡಿ. ರಿಮ್ಮು ದೊಡ್ಡದಾದಷ್ಟೂ ಟೈರಿನ ಮಗ್ಗುಲು ಗಿಡ್ಡವಾಗುತ್ತದೆ, ಏಟು ತಡೆಯುವ ಗಾಳಿ ಕಡಿಮೆಯಾಗುತ್ತದೆ. ಕಬ್ಬಿಣದ ರಿಮ್ಮು ಗುಂಡಿಗೆ ಬಿದ್ದರೆ ಸೊಟ್ಟಗಾಗುತ್ತದೆ. ಎರಕದ ಅಲಾಯ್ ಸೀಳುತ್ತದೆ, ಗಾಳಿ ಒಮ್ಮೆಲೇ ಹೋಗುತ್ತದೆ. ಅದನ್ನು ಬೆಸೆದು ಬಣ್ಣ ಹೊಡೆದು ಮಾರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಕಡೆಗೆ ಕಂಪನಿಯ ಅಳತೆಗಿಂತ ಒಂದು ಇಂಚು ಜಾಸ್ತಿ, ಅದಕ್ಕಿಂತ ಮೇಲೆ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಕುವ ಕೆಲಸ ಮರುದಿನ ಸಂಜೆ ಆಯಿತು, ರಿಂಗು ಬಂದ ಮೇಲೆ. ಜಾಕಿಯನ್ನು ಬಾಗಿಲ ಕೆಳಗಿನ ಅಂಚಿನಲ್ಲಿ ಕಂಪನಿಯವರು ಗುರುತು ಮಾಡಿದ ಜಾಗಕ್ಕೇ ಕೊಡಬೇಕು. ಸಿಕ್ಕಲ್ಲಿ ಕೊಟ್ಟರೆ ತಳದ ತಗಡು ತಗ್ಗುತ್ತದೆ, ಬ್ರೇಕಿನ ಕೊಳವೆ ಜಜ್ಜುತ್ತದೆ. ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಫಿಟ್ಟರಣ್ಣನೇ ಉಜ್ಜಿದರು, ಬೆರಳಾಡಿಸಿ ನೋಡಿ ಮತ್ತೆ ಉಜ್ಜಿದರು. ಒಂದು ಚೂರು ತುಕ್ಕಿನ ಹೊಪ್ಪಳೆ ಉಳಿದರೂ ಚಕ್ರ ಓರೆ ಕೂರುತ್ತದೆ. ಚಕ್ರವನ್ನು ಪಾದದ ಮೇಲೆ ಎತ್ತಿ ನೇರಕ್ಕೆ ಸರಿಸಬೇಕು, ಸ್ಟಡ್ಡಿನ ಮರೆಯ ಮೇಲೆ ನೇತುಹಾಕಬಾರದು. ನಟ್ಟು ಎದುರುಬದುರಾಗಿ ಬಿಗಿಯಬೇಕು. ಸ್ಟಡ್ಡಿಗೆ ಗ್ರೀಸು ಹಚ್ಚಬಾರದು. ನಮ್ಮ ಸಣ್ಣ ಕಾರುಗಳಿಗೆ ಸುಮಾರು 85ರಿಂದ 110 ನ್ಯೂಟನ್ ಮೀಟರ್ ಬಿಗಿತ ಸಾಕು, ಸರಿಯಾದ ಅಂಕಿ ಕಾರಿನ ಪುಸ್ತಕದಲ್ಲೇ ಇರುತ್ತದೆ. 60 ಕೆ.ಜಿ.ಯ ಹುಡುಗ ಒಂದಡಿಯ ಸ್ಪ್ಯಾನರ್ ಮೇಲೆ ಹತ್ತಿ ನಿಂತರೆ ಅದು 175 ದಾಟುತ್ತದೆ. ಸ್ಟಡ್ಡು ಎಳೆದುಕೊಳ್ಳುತ್ತದೆ, ಬ್ರೇಕಿನ ಡಿಸ್ಕು ಸೊಟ್ಟಗಾಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ ತಂದರೆ ದಯವಿಟ್ಟು ತಡೆಯಿರಿ, ಟಾರ್ಕ್ ರೆಂಚ್ ಇದೆಯೇ ಎಂದು ಕೇಳಿ.

ಆಮೇಲೆ ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಮುಂದೊಬ್ಬರನ್ನು ಕೂರಿಸಿ, ಮಡ್‌ಗಾರ್ಡಿನ ಒಳಗೆ ಸೀಮೆಸುಣ್ಣ ಬಳಿದು, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹಂಪ್ಸ್ ಹತ್ತಿಳಿಸಿ ಬಂದೆವು. ಸುಣ್ಣ ಅಳಿಸಿರಲಿಲ್ಲ. ಮಾದಪ್ಪನ ಬೆಟ್ಟದ ದಾರಿಯಲ್ಲಿ ತಾಳಬೆಟ್ಟದ ಮೇಲಿನ ತಿರುವುಗಳಲ್ಲಿ ತುಂಬಿದ ಕಾರು ಪಡುವ ಪಾಡನ್ನು ಇಲ್ಲೇ ನೋಡಿಬಿಡುವುದು ಮೇಲು. ಕಾನೂನಿನ ಮಾತೂ ಬಂತು. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಮಡ್‌ಗಾರ್ಡು ದಾಟಿದ ಚಕ್ರಕ್ಕೆ ದಂಡ ಬೀಳುವುದೂ ಉಂಟು, ವಿಮೆಯವರು ತಕರಾರು ತೆಗೆಯುವುದೂ ಉಂಟು. ಇವನ ಚಕ್ರ ಒಳಗೇ ಇದೆ. ಆದರೂ ಹಳೆಯ ನಾಲ್ಕನ್ನು ಮಾರಬೇಡ, ಅಟ್ಟದ ಮೇಲಿರಲಿ ಎಂದೆ.

“ಬೆಟ್ಟಕ್ಕೆ ಹೋಗೋದ್ರೊಳಗೆ ಇನ್ನೊಂದ್ಸಲ ಬಿಗಿ ನೋಡ್ಬೇಕಲ್ವಾ ಮೇಷ್ಟ್ರೆ?” ಎಂದರು ಫಿಟ್ಟರಣ್ಣ. ನೋಡಲೇಬೇಕು. ಹೊಸ ಅಲಾಯ್ ಹಾಕಿದ ಮೇಲೆ ಮೊದಲ 100 ಕಿ.ಮೀ. ಓಟದೊಳಗೆ ಬಣ್ಣ, ಲೋಹ ಅದುಮಿಕೊಂಡು ನಟ್ಟು ಚೂರು ಸಡಿಲಾಗಬಹುದು. ಕೊಳ್ಳೇಗಾಲ, ಹನೂರು ದಾಟಿ ಬೆಟ್ಟ ಹತ್ತುವ ಮುಂಚೆ ಕೌದಳ್ಳಿಯಲ್ಲಿ ಕಾಫಿಗೆ ನಿಲ್ಲಿಸುತ್ತಾರಲ್ಲ, ಅಲ್ಲೇ ಟಾರ್ಕ್ ರೆಂಚ್ ತೆಗೆದು ಹದಿನಾರೂ ನಟ್ಟು ನೋಡಿಕೊಳ್ಳಲಿ ಎಂದು ನನ್ನದನ್ನೇ ಕೊಟ್ಟೆ. ಹೊರಡುವ ಹೊತ್ತಿಗೆ ಇನ್ನೊಂದು ನೆನಪಾಗಿ ಹುಡುಗನನ್ನು ಬೇಲಿಯ ಹತ್ತಿರ ಕರೆದೆ. ಸ್ಟೆಪ್ನಿ ಇನ್ನೂ ಕಂಪನಿಯ ಕಬ್ಬಿಣದ್ದೇ. ಅಲಾಯಿನ ಉದ್ದದ ನಟ್ಟು ಆ ತಗಡಿನ ಚಕ್ರಕ್ಕೆ ಸರಿಯಾಗಿ ಒರಗುತ್ತದೆಂದು ನೆಚ್ಚಿಕೊಂಡು ಕೂರಬಾರದು. ಹಳೆಯ ನಟ್ಟುಗಳಲ್ಲಿ ನಾಲ್ಕನ್ನು ಒರೆಸಿ ಬಟ್ಟೆಯ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿ ಜಾಕಿಯ ಪಕ್ಕಕ್ಕೇ ಇಟ್ಟುಕೊಳ್ಳಪ್ಪ ಎಂದೆ.